ಬಾಣಂತಿ ಇಲಿಯ ಆರೈಕೆ, ಆತಂಕ ಮತ್ತು ಮಿದುಳಿನ ಒತ್ತಡ ರಸಾಯನ: ಗಮನಿಸುವ, ಅಳೆಯುವ, ಅರ್ಥೈಸುವ ಕ್ರಮ

ಮರಿ ಹಾಕಿದ ಇಲಿ ಗೂಡಿನಲ್ಲಿ ನಿಲ್ಲದೆ ಪದೇ ಪದೇ ಎದ್ದು ಹೋಗುತ್ತಿದೆ, ಮರಿಗಳನ್ನು ನೆಕ್ಕುವುದು ಕಡಿಮೆಯಾಗಿದೆ, ಹಾಲೂಡಿಸುವಾಗಲೂ ಸರಿಯಾದ ಭಂಗಿಗೆ ಬರುತ್ತಿಲ್ಲ ಎಂದರೆ ಅದರ ಮಿದುಳಿನ ಒತ್ತಡ ವ್ಯವಸ್ಥೆಯಲ್ಲಿ ಏನೋ ಏರುಪೇರಾಗಿದೆ ಎಂದು ಊಹಿಸುವುದು ಸುಲಭ. ಆ ಊಹೆಯನ್ನು ಪರೀಕ್ಷೆಗೆ ಒಡ್ಡಿ ಸಾಧಿಸುವುದು ಮಾತ್ರ ಕಷ್ಟದ ಕೆಲಸ. ಜೀವವಿಜ್ಞಾನ, ಪಶುವೈದ್ಯ ಅಥವಾ ಮನೋವಿಜ್ಞಾನದ ಸ್ನಾತಕೋತ್ತರ ವಿದ್ಯಾರ್ಥಿಗಳು ಇಂಥ ಅಧ್ಯಯನಕ್ಕೆ ಕೈ ಹಾಕುವಾಗ, ಅಥವಾ ಬೇರೆಯವರು ಮಾಡಿದ ಅಧ್ಯಯನವನ್ನು ಓದಿ ತೂಗಿ ನೋಡುವಾಗ, ಯಾವ ಕ್ರಮದಲ್ಲಿ ಮುಂದುವರಿಯಬೇಕು ಎಂಬುದನ್ನು ಇಲ್ಲಿ ವಿವರಿಸಿದೆ. ಮರಿಗಳ ಆರೈಕೆ, ಮರಿಗಳ ರಕ್ಷಣೆಗಾಗಿ ತಾಯಿ ತೋರುವ ಆಕ್ರಮಣ ಮತ್ತು ತಾಯಿಯ ಸ್ವಂತ ಆತಂಕ ಇವು ಮೂರು ಬೇರೆ ಬೇರೆ ಸಂಗತಿಗಳು; ಒಂದೇ ರಾಸಾಯನಿಕ ಇವುಗಳಲ್ಲಿ ಒಂದನ್ನು ಕುಗ್ಗಿಸಿ ಮತ್ತೊಂದನ್ನು ಹೆಚ್ಚಿಸಬಲ್ಲದು, ಮೂರನೆಯದನ್ನು ಮುಟ್ಟದೆಯೂ ಇರಬಲ್ಲದು. ಆದ್ದರಿಂದ ಮೂರನ್ನೂ ಪ್ರತ್ಯೇಕವಾಗಿ ಅಳೆಯದೆ ಒತ್ತಡದ ರಸಾಯನದ ಬಗ್ಗೆ ಮಾತನಾಡುವುದರಲ್ಲಿ ಹೆಚ್ಚಿನ ಅರ್ಥವಿಲ್ಲ.

ಮೊದಲು ರಸಾಯನದ ನಕ್ಷೆ

1981ರಲ್ಲಿ ಅಮೆರಿಕದ ಸಾಲ್ಕ್ ಸಂಸ್ಥೆಯ ವೈಲಿ ವೇಲ್ ಮತ್ತು ಸಂಗಡಿಗರು ಕುರಿಯ ಮಿದುಳಿನ ಹೈಪೋಥಲಾಮಸ್ ಎಂಬ ಭಾಗದಿಂದ 41 ಅಮೈನೋ ಆಮ್ಲಗಳುಳ್ಳ ಒಂದು ಪೆಪ್ಟೈಡನ್ನು ಬೇರ್ಪಡಿಸಿ ಅದರ ರಚನೆಯನ್ನು ಗುರುತಿಸಿದರು. ಕಾರ್ಟಿಕೋಟ್ರೋಪಿನ್ ಬಿಡುಗಡೆಯ ಅಂಶ ಎಂಬ ಉದ್ದ ಹೆಸರಿನ ಈ ಪೆಪ್ಟೈಡನ್ನು ಪ್ರಯೋಗಾಲಯಗಳಲ್ಲಿ ಸಿಆರ್‌ಎಫ್ ಎಂದೇ ಕರೆಯುತ್ತಾರೆ. ಬೆದರಿಕೆ ಎದುರಾದಾಗ ಹೈಪೋಥಲಾಮಸ್‌ನ ಒಂದು ಭಾಗದಿಂದ ಸಿಆರ್‌ಎಫ್ ಹೊರಬಂದು ಪಿಟ್ಯುಟರಿ ಗ್ರಂಥಿಯನ್ನು ಎಚ್ಚರಿಸುತ್ತದೆ. ಪಿಟ್ಯುಟರಿಯಿಂದ ಎಸಿಟಿಎಚ್ ಎಂಬ ಹಾರ್ಮೋನ್ ರಕ್ತಕ್ಕೆ ಸೇರುತ್ತದೆ. ಅದು ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯನ್ನು ತಲುಪಿ ಇಲಿಗಳಲ್ಲಿ ಕಾರ್ಟಿಕೋಸ್ಟೆರಾನನ್ನೂ ಮನುಷ್ಯರಲ್ಲಿ ಕಾರ್ಟಿಸಾಲನ್ನೂ ಬಿಡುಗಡೆ ಮಾಡಿಸುತ್ತದೆ. ಪಠ್ಯಪುಸ್ತಕಗಳು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತವೆ.

ತಾಯಿಯ ವರ್ತನೆಯ ಮಟ್ಟಿಗೆ ಮುಖ್ಯವಾದ ಕಥೆ ಶುರುವಾಗುವುದು ಅದರಾಚೆಗೆ. ಸಿಆರ್‌ಎಫ್ ಪಿಟ್ಯುಟರಿಗೆ ಸುದ್ದಿ ಮುಟ್ಟಿಸುವ ಹಾರ್ಮೋನ್ ಮಾತ್ರವಲ್ಲ, ಮಿದುಳಿನ ಹಲವು ಭಾಗಗಳಲ್ಲಿ ನರಕೋಶದಿಂದ ನರಕೋಶಕ್ಕೆ ಸಂದೇಶ ಒಯ್ಯುವ ಪದಾರ್ಥವೂ ಹೌದು. ಅದಕ್ಕೆ ಒಂದು ಮತ್ತು ಎರಡು ಎಂದು ಗುರುತಿಸುವ ಎರಡು ಬಗೆಯ ಗ್ರಾಹಕಗಳಿವೆ, ಅಂದರೆ ಸಂದೇಶವನ್ನು ಹಿಡಿದುಕೊಳ್ಳುವ ಕೋಶದ ಮೇಲಿನ ಪ್ರೋಟೀನುಗಳು. ಯೂರೋಕಾರ್ಟಿನ್ ಎಂಬ ಬಂಧು ಪೆಪ್ಟೈಡ್ 1995ರಲ್ಲಿ ಪತ್ತೆಯಾಯಿತು. ಅದರ ಎರಡನೆಯ ಮತ್ತು ಮೂರನೆಯ ರೂಪಗಳು 2001ರಲ್ಲಿ ಬೆಳಕಿಗೆ ಬಂದವು. ಸಿಆರ್‌ಎಫ್ ಹೆಚ್ಚಾಗಿ ಒಂದನೆಯ ಗ್ರಾಹಕವನ್ನು ಹುಡುಕಿಕೊಂಡು ಹೋಗುತ್ತದೆ. ಯೂರೋಕಾರ್ಟಿನ್ ಎರಡು ಮತ್ತು ಮೂರು ಎರಡನೆಯ ಗ್ರಾಹಕಕ್ಕೆ ಮೀಸಲು. ಇವುಗಳ ಜೊತೆಗೆ ಸಿಆರ್‌ಎಫ್ ಬಂಧಕ ಪ್ರೋಟೀನ್ ಎಂಬುದೊಂದಿದೆ. ಕೋಶಗಳ ನಡುವಿನ ಜಾಗದಲ್ಲಿ ಅದು ಸಿಆರ್‌ಎಫ್ ಮತ್ತು ಯೂರೋಕಾರ್ಟಿನ್‌ನ ಮೊದಲ ರೂಪವನ್ನು ಹಿಡಿದಿಟ್ಟುಕೊಂಡು ಗ್ರಾಹಕಕ್ಕೆ ಸಿಗುವ ಪ್ರಮಾಣವನ್ನು ಇಳಿಸುತ್ತದೆ ಎಂದು ಭಾವಿಸಲಾಗಿದೆ. ಅಧ್ಯಯನದ ಯೋಜನೆ ಬರೆಯುವ ಮುನ್ನ ನಾಲ್ಕು ಪೆಪ್ಟೈಡ್ ಬಂಧುಗಳು, ಎರಡು ಗ್ರಾಹಕ, ಒಂದು ಬಂಧಕ ಪ್ರೋಟೀನ್ ಇವನ್ನು ಒಂದು ಹಾಳೆಯ ಮೇಲೆ ಬಿಡಿಸಿಕೊಳ್ಳಿ; ನೀವು ಬಳಸಲಿರುವ ಔಷಧ ಇವುಗಳಲ್ಲಿ ಯಾವುದನ್ನು ತಟ್ಟುತ್ತದೆ ಎಂಬುದು ಆ ಹಾಳೆಯಲ್ಲಿ ಕಾಣಿಸದಿದ್ದರೆ ಯೋಜನೆ ಇನ್ನೂ ಸಿದ್ಧವಾಗಿಲ್ಲವೆಂದು ತಿಳಿಯಬೇಕು.

ನಕ್ಷೆಯಲ್ಲಿ ಎರಡು ಜಾಗಗಳನ್ನು ದಪ್ಪ ಗೆರೆಯಲ್ಲಿ ಗುರುತಿಸಬೇಕು. ಒಂದು, ಹೈಪೋಥಲಾಮಸ್‌ನ ಮುಂಭಾಗದಲ್ಲಿರುವ ಮಧ್ಯ ಪ್ರೀಆಪ್ಟಿಕ್ ಪ್ರದೇಶ. ಇದಕ್ಕೆ ಹಾನಿಯಾದರೆ ತಾಯಿ ಇಲಿ ಮರಿಗಳನ್ನು ಎತ್ತಿ ತರುವುದನ್ನೂ ಗೂಡು ಕಟ್ಟುವುದನ್ನೂ ಬಿಟ್ಟುಬಿಡುತ್ತದೆ ಎಂಬುದು 1970ರ ದಶಕದಿಂದ ಗೊತ್ತಿರುವ ವಿಷಯ. ಇನ್ನೊಂದು, ಅದಕ್ಕೆ ಹೊಂದಿಕೊಂಡಿರುವ ಬಿಎನ್‌ಎಸ್‌ಟಿ ಎಂಬ ಚಿಕ್ಕ ಪ್ರದೇಶ. ಆತಂಕ ಮತ್ತು ತಾಯ್ತನದ ಹಾದಿಗಳು ಒಂದನ್ನೊಂದು ಹಾಯುವುದು ಇಲ್ಲಿಯೇ.

ಒಪ್ಪಿಗೆ ಮತ್ತು ವಸತಿ

ಭಾರತದಲ್ಲಿ ಇಂಥ ಕೆಲಸ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಮತ್ತು ಅದರ ಅಡಿಯ ನಿಯಮಗಳಿಗೆ ಒಳಪಟ್ಟಿದೆ. ನೋಂದಾಯಿತ ಸಂಸ್ಥೆಯಲ್ಲಿ, ಆ ಸಂಸ್ಥೆಯ ಪ್ರಾಣಿ ನೈತಿಕತಾ ಸಮಿತಿಯ ಲಿಖಿತ ಒಪ್ಪಿಗೆಯ ನಂತರವೇ ಕೆಲಸ ಆರಂಭವಾಗಬೇಕು. ಮನೆಯಲ್ಲಿ ಸಾಕಿದ ಇಲಿಗೆ ಒತ್ತಡ ಕೊಟ್ಟು ನೋಡುವುದು ಅಧ್ಯಯನವಲ್ಲ, ಹಿಂಸೆ.

ಇಲಿಯ ಗರ್ಭಾವಧಿ ಸುಮಾರು 21ರಿಂದ 23 ದಿನ. ಹುಟ್ಟುವ ಮರಿಗಳಿಗೆ ಕೂದಲಿಲ್ಲ, ಕಣ್ಣು ತೆರೆದಿರುವುದಿಲ್ಲ, ಮೈ ಬಿಸಿಯನ್ನು ತಾವೇ ಕಾಪಾಡಿಕೊಳ್ಳುವ ಶಕ್ತಿಯಿಲ್ಲ. ತಾಯಿ ನೆಕ್ಕದೆ ಅವಕ್ಕೆ ಮೂತ್ರವನ್ನೂ ಸರಿಯಾಗಿ ಮಾಡಲಾಗುವುದಿಲ್ಲ. ಪ್ರಸವದ ದಿನವನ್ನು ಸೊನ್ನೆ ಎಂದು ಹಿಡಿಯುವಿರೋ ಒಂದು ಎಂದು ಹಿಡಿಯುವಿರೋ ಎಂಬುದನ್ನು ಮೊದಲೇ ನಿರ್ಧರಿಸಿ ದಾಖಲೆಯ ತಲೆಬರಹದಲ್ಲಿ ಬರೆದುಬಿಡಿ, ಏಕೆಂದರೆ ಬೇರೆ ಬೇರೆ ಪ್ರಯೋಗಾಲಯಗಳ ಫಲಿತಾಂಶಗಳನ್ನು ಹೋಲಿಸುವಾಗ ಈ ಒಂದು ದಿನದ ವ್ಯತ್ಯಾಸವೇ ಗೊಂದಲಕ್ಕೆ ಕಾರಣವಾಗುತ್ತದೆ. ಮರಿಗಳ ಸಂಖ್ಯೆ ಹೆಚ್ಚು ಕಡಿಮೆಯಾದರೆ ಆರೈಕೆಯ ಸ್ವರೂಪವೂ ಬದಲಾಗುವುದರಿಂದ, ಮೊದಲ ಒಂದೆರಡು ದಿನಗಳಲ್ಲೇ ಪ್ರತಿ ತಾಯಿಗೆ ಎಂಟರಂತೆ, ಸಾಧ್ಯವಾದಷ್ಟು ಗಂಡು ಹೆಣ್ಣು ಸಮವಾಗಿ, ಮರಿಗಳನ್ನು ಉಳಿಸಿಕೊಳ್ಳುವುದು ವಾಡಿಕೆ. ವೀಕ್ಷಣೆ ನಡೆಯುವಷ್ಟು ದಿನ ಪಂಜರವನ್ನು ಪೂರ್ತಿ ಬದಲಿಸಬಾರದು. ಗೂಡು ಕೆದರಿದರೆ ಅದೇ ಒಂದು ಒತ್ತಡ.

ಕೋಣೆಗೆ ಯಾರು ಹೋಗುತ್ತಾರೆ ಎಂಬುದನ್ನೂ ಬರೆದಿಡಬೇಕು. ಗಂಡಸರ ಮೈವಾಸನೆಯೊಂದೇ ಇಲಿ ಮತ್ತು ಸಣ್ಣಿಲಿಗಳಲ್ಲಿ (ಮೌಸ್) ಕಾರ್ಟಿಕೋಸ್ಟೆರಾನ್ ಏರಿಸುತ್ತದೆ, ಗಂಡಸು ತೊಟ್ಟು ಬಿಟ್ಟ ಟೀ ಶರ್ಟನ್ನು ಹತ್ತಿರ ಇಟ್ಟರೂ ಅದೇ ಪರಿಣಾಮವಾಗುತ್ತದೆ ಎಂದು 2014ರಲ್ಲಿ ಕೆನಡಾದ ಸಂಶೋಧಕರು ತೋರಿಸಿದಾಗ, ಅದುವರೆಗಿನ ಎಷ್ಟು ಪ್ರಯೋಗಗಳಲ್ಲಿ ಈ ಅಂಶ ಲೆಕ್ಕಕ್ಕೇ ಬಂದಿರಲಿಲ್ಲವೋ ಎಂದು ಅನೇಕರು ತಲೆ ಕೆರೆದುಕೊಂಡಿರಬೇಕು. ಪ್ರಯೋಗದ ಉದ್ದಕ್ಕೂ ಒಬ್ಬರೇ ಕೆಲಸ ಮಾಡುವುದು ಉತ್ತಮ. ಸಾಧ್ಯವಿಲ್ಲದಿದ್ದರೆ ಎರಡೂ ಗುಂಪಿನ ಇಲಿಗಳಿಗೆ ಆ ಬದಲಾವಣೆ ಸಮನಾಗಿ ಹಂಚಿಕೆಯಾಗುವಂತೆ ನೋಡಿಕೊಳ್ಳಬೇಕು.

ಗೂಡಿನ ಬಳಿ ಕುಳಿತು ನೋಡುವುದು

ಈ ಇಡೀ ಅಧ್ಯಯನದಲ್ಲಿ ಹೆಚ್ಚು ತಾಳ್ಮೆ ಬೇಡುವ, ಹೆಚ್ಚು ಕಲಿಸುವ ಭಾಗ ಇದು. ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಮೈಕಲ್ ಮೀನಿ ಮತ್ತು ಸಂಗಡಿಗರು ರೂಢಿಗೆ ತಂದ ಕ್ರಮ ಈಗಲೂ ಒಳ್ಳೆಯ ಮಾದರಿ. ದಿನಕ್ಕೆ ಐದು ಅವಧಿ, ಪ್ರತಿ ಅವಧಿ 72 ನಿಮಿಷ, ಪ್ರತಿ 3 ನಿಮಿಷಕ್ಕೊಮ್ಮೆ ಒಂದು ದಾಖಲೆ. ಹೀಗೆ ಒಂದು ಅವಧಿಗೆ 25, ದಿನಕ್ಕೆ ಒಬ್ಬ ತಾಯಿಯ ಮೇಲೆ 125 ದಾಖಲೆಗಳು ಸಿಗುತ್ತವೆ. ಐದರಲ್ಲಿ ಮೂರು ಅವಧಿ ಬೆಳಕಿನಲ್ಲಿ, ಎರಡು ಕತ್ತಲಲ್ಲಿ. ಇಲಿ ನಿಶಾಚರಿಯಾದುದರಿಂದ ಹಗಲು ಗೂಡಿನಲ್ಲಿ ಹೆಚ್ಚು ಹೊತ್ತು ಇರುತ್ತದೆ, ಕತ್ತಲಾದಂತೆ ಮೇವಿಗೆ, ಓಡಾಟಕ್ಕೆ ಏಳುತ್ತದೆ. ಹಗಲಿನ ದಾಖಲೆಯೊಂದನ್ನೇ ನೆಚ್ಚಿಕೊಂಡರೆ ಎಲ್ಲ ತಾಯಂದಿರೂ ಆದರ್ಶ ತಾಯಂದಿರಾಗಿಯೇ ಕಾಣಿಸುತ್ತಾರೆ.

ದಾಖಲೆಯ ಹಾಳೆಯಲ್ಲಿ ಇರಬೇಕಾದ ವರ್ತನೆಗಳ ವ್ಯಾಖ್ಯೆಯನ್ನು ಮೊದಲು ಬರೆದುಕೊಳ್ಳಬೇಕು. ಹಾಲೂಡಿಸುವುದು ಎಂದು ಒಂದೇ ಕಂಬ (ಕಾಲಂ) ಹಾಕಿಕೊಂಡರೆ ಸಾಲದು, ಅದರಲ್ಲಿ ಕನಿಷ್ಠ ಮೂರು ಭಂಗಿಗಳಿವೆ. ಮೊದಲನೆಯದರಲ್ಲಿ ತಾಯಿ ನಾಲ್ಕೂ ಕಾಲುಗಳನ್ನು ಬಿಗಿಯಾಗಿ ಊರಿ, ಬೆನ್ನನ್ನು ಕಮಾನಿನಂತೆ ಮೇಲಕ್ಕೆತ್ತಿ, ತಲೆಯನ್ನು ಎದೆಯ ಕಡೆಗೆ ಬಾಗಿಸಿ ನಿಲ್ಲುತ್ತದೆ. ಹೊಟ್ಟೆಯ ಕೆಳಗೆ ಮರಿಗಳಿಗೆ ಅಲುಗಾಡಲು, ಒಂದು ಮೊಲೆಯಿಂದ ಇನ್ನೊಂದಕ್ಕೆ ಸರಿಯಲು ಜಾಗ ಉಳಿಯುತ್ತದೆ. ದೂರದಿಂದ ಸುಮ್ಮನೆ ನಿಂತಂತೆ ಕಂಡರೂ ಕಾಲಿನ ಸ್ನಾಯುಗಳಲ್ಲಿ ಬಿಗುವು ಇರುತ್ತದೆ. ಎರಡನೆಯದರಲ್ಲಿ ಬೆನ್ನಿನ ಬಾಗು ಕಳೆದು ತಾಯಿ ಮರಿಗಳ ಮೇಲೆ ಹಾಗೆಯೇ ಒರಗಿರುತ್ತದೆ. ಮೂರನೆಯದರಲ್ಲಿ ಮಗ್ಗುಲಾಗಿ ಅಥವಾ ಅಂಗಾತ ಮಲಗಿರುತ್ತದೆ, ಮರಿಗಳೇ ಹುಡುಕಿಕೊಂಡು ಬಂದು ಹಾಲು ಕುಡಿಯುತ್ತವೆ. ಮೊದಲನೆಯದು ಸಕ್ರಿಯ ಆರೈಕೆ. ಒತ್ತಡದ ರಾಸಾಯನಿಕಗಳು ಮೊದಲು ಕದಲಿಸುವುದು ಸಾಮಾನ್ಯವಾಗಿ ಅದನ್ನೇ. ಎಲ್ಲವನ್ನೂ ಸೇರಿಸಿ ಎಣಿಸಿದವರಿಗೆ ಬದಲಾವಣೆ ಕಾಣದೆ ಹೋಗಿ, ಭಂಗಿ ಬೇರ್ಪಡಿಸಿದವರಿಗೆ ಸ್ಪಷ್ಟವಾಗಿ ಕಂಡಿರುವುದು ಇದೇ ಕಾರಣಕ್ಕೆ. ಇವುಗಳ ಜೊತೆಗೆ ಮರಿಗಳನ್ನು ನೆಕ್ಕುವುದು, ಗೂಡು ಸರಿಪಡಿಸುವುದು, ಮರಿಯನ್ನು ಬಾಯಲ್ಲಿ ಎತ್ತಿ ತರುವುದು, ತನ್ನ ಮೈ ತಾನೇ ಸವರಿಕೊಳ್ಳುವುದು, ತಿನ್ನುವುದು, ಗೂಡಿನಿಂದ ಹೊರಗಿರುವುದು ಇವಕ್ಕೂ ಕಂಬಗಳಿರಲಿ. ನೆಕ್ಕುವುದು ಮತ್ತು ಹಾಲೂಡಿಸುವುದು ಒಟ್ಟಿಗೇ ನಡೆಯಬಹುದಾದ್ದರಿಂದ ಒಂದು ಕ್ಷಣಕ್ಕೆ ಎರಡು ಗುರುತು ಹಾಕಲು ಅವಕಾಶವಿರಬೇಕು.

ಒಂದು ಅವಧಿಯ ತುಣುಕು ಹೀಗಿರುತ್ತದೆ ಎಂದಿಟ್ಟುಕೊಳ್ಳಿ. 10 ಗಂಟೆಗೆ ಕಮಾನು ಭಂಗಿ; 10 ಗಂಟೆ 3 ನಿಮಿಷಕ್ಕೆ ಕಮಾನು ಭಂಗಿಯ ಜೊತೆಗೆ ನೆಕ್ಕುವಿಕೆ; 6ಕ್ಕೆ ಗೂಡಿನ ಹೊರಗೆ, ನೀರಿನ ಬಾಟಲಿಯ ಹತ್ತಿರ; 9ಕ್ಕೆ ಮತ್ತೆ ಗೂಡಿನಲ್ಲಿ, ಒರಗಿದ ಭಂಗಿ; 12ಕ್ಕೆ ಹೊರಗೆ; 15ಕ್ಕೆ ಗೂಡಿನಲ್ಲಿ, ನೆಕ್ಕುವಿಕೆ ಮಾತ್ರ. ಈ ಆರು ದಾಖಲೆಗಳಲ್ಲಿ ಗೂಡಿನಲ್ಲಿ ಇದ್ದದ್ದು ನಾಲ್ಕು ಬಾರಿ ಎಂದು ಒಟ್ಟು ಮೊತ್ತ ಹೇಳುತ್ತದೆ. ಆದರೆ ಗೂಡು ಬಿಟ್ಟು ಎದ್ದದ್ದು ಎರಡು ಬಾರಿ, ಯಾವ ಭಂಗಿಯೂ ಎರಡು ದಾಖಲೆಗಿಂತ ಹೆಚ್ಚು ಉಳಿಯಲಿಲ್ಲ ಎಂಬುದು ಮೊತ್ತದಲ್ಲಿ ಕಾಣುವುದಿಲ್ಲ. ಹಾಗಾಗಿ ಪ್ರತಿ ಅವಧಿಗೂ ಎರಡು ಸಂಖ್ಯೆ ತೆಗೆಯಿರಿ: ಆರೈಕೆಯ ಒಟ್ಟು ಪ್ರಮಾಣ, ಮತ್ತು ಒಂದು ವರ್ತನೆಯಿಂದ ಇನ್ನೊಂದಕ್ಕೆ ಬದಲಾದ ಸಲಗಳು. ಎರಡನೆಯ ಸಂಖ್ಯೆಗಾಗಿ ಸಾಧ್ಯವಾದರೆ ವಿಡಿಯೋ ಮುದ್ರಣವಿಟ್ಟುಕೊಳ್ಳಿ, ಏಕೆಂದರೆ 3 ನಿಮಿಷದ ಅಂತರದಲ್ಲಿ ಎಷ್ಟೋ ಬದಲಾವಣೆಗಳು ಜಾರಿಹೋಗುತ್ತವೆ.

ಈ ಎರಡನೆಯ ಸಂಖ್ಯೆಗೆ ನಾನು ಇಷ್ಟು ಒತ್ತು ಕೊಡುವುದಕ್ಕೆ ಕಾರಣವಿದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಕೇಂದ್ರದಲ್ಲಿ ತಾಲಿ ಬರಾಮ್ ಅವರ ಪ್ರಯೋಗಾಲಯ ಒಂದು ಸರಳ ಮಾದರಿಯನ್ನು ಬಳಸುತ್ತದೆ. ಮರಿಗಳು ಹುಟ್ಟಿದ ಎರಡನೆಯ ದಿನದಿಂದ ಒಂಬತ್ತನೆಯ ದಿನದವರೆಗೆ ತಾಯಿಗೆ ಗೂಡು ಕಟ್ಟಲು ಬೇಕಾದ ಸಾಮಗ್ರಿಯನ್ನು ತೀರಾ ಕಡಿಮೆ ಮಾಡಿ, ಪಂಜರದ ತಳಕ್ಕೆ ತಂತಿ ಜಾಲರಿ ಹಾಕುತ್ತಾರೆ. ಮೇವು ನೀರು ಎಂದಿನಂತೆಯೇ ಇರುತ್ತದೆ. ಅಂಥ ತಾಯಂದಿರು ಮರಿಗಳ ಜೊತೆ ಕಳೆಯುವ ಒಟ್ಟು ಸಮಯ ಅಷ್ಟೇನೂ ಕುಸಿಯದಿದ್ದರೂ ಆರೈಕೆ ಚೂರು ಚೂರಾಗುತ್ತದೆ, ಮುಂದೇನು ಎಂದು ಊಹಿಸಲಾಗದಂತಾಗುತ್ತದೆ. ಮರಿಗಳ ಮೇಲೆ ದೀರ್ಘಕಾಲ ಉಳಿಯುವ ಪರಿಣಾಮಗಳು ಈ ಚೂರಾದ ಆರೈಕೆಯೊಂದಿಗೆ ತಳಕು ಹಾಕಿಕೊಂಡಿವೆ.

ದಾಖಲೆ ಮಾಡುವವರಿಗೆ ಯಾವ ತಾಯಿ ಯಾವ ಗುಂಪಿನದೆಂದು ತಿಳಿದಿರಬಾರದು. ಇಬ್ಬರು ವೀಕ್ಷಕರು ಒಂದೇ ವಿಡಿಯೋವನ್ನು ಪ್ರತ್ಯೇಕವಾಗಿ ದಾಖಲಿಸಿ, ಅವರ ಹೊಂದಾಣಿಕೆಯನ್ನು ಕೋಹೆನ್ ಕಪ್ಪಾ ಎಂಬಂಥ ಸಂಖ್ಯಾಶಾಸ್ತ್ರದ ಅಳತೆಯಿಂದ ಲೆಕ್ಕ ಹಾಕಿದ ಮೇಲೆಯೇ ನಿಜವಾದ ಎಣಿಕೆ ಶುರುವಾಗಲಿ.

ರಕ್ಷಣೆಯ ಆಕ್ರಮಣ

ಮರಿಗಳಿರುವ ಗೂಡಿಗೆ ಅಪರಿಚಿತ ಇಲಿ ಬಂದರೆ ಬಾಣಂತಿ ಇಲಿ ಮೇಲೆರಗುತ್ತದೆ. ಈ ವರ್ತನೆ ಹಾಲೂಡಿಸುವ ಮೊದಲ ವಾರದಲ್ಲಿ ತೀವ್ರವಾಗಿರುತ್ತದೆ, ಮರಿಗಳು ದೊಡ್ಡವಾದಂತೆ ಇಳಿಯುತ್ತದೆ. ಪರೀಕ್ಷೆಯಲ್ಲಿ ಮರಿಗಳನ್ನು ಗೂಡಿನಲ್ಲೇ ಇರಿಸಿ, ಇನ್ನೂ ಮರಿ ಹಾಕದ ಹೆಣ್ಣಿಲಿಯೊಂದನ್ನು ಸುಮಾರು 10 ನಿಮಿಷ ಪಂಜರಕ್ಕೆ ಬಿಟ್ಟು, ಮೊದಲ ದಾಳಿಗೆ ಹಿಡಿದ ಸಮಯ, ದಾಳಿಗಳ ಸಂಖ್ಯೆ ಮತ್ತು ಮೈ ಪಕ್ಕಕ್ಕೆ ತಿರುಗಿಸಿ ಬೆದರಿಸುವಂಥ ನಡೆಗಳನ್ನು ಬೇರೆ ಬೇರೆ ದಾಖಲಿಸುತ್ತಾರೆ. ಬೆದರಿಕೆ ಮತ್ತು ಕಚ್ಚುವಿಕೆಯನ್ನು ಒಂದೇ ಮೊತ್ತವಾಗಿ ಕೂಡಿಸಬಾರದು. ಬಂದ ಇಲಿಗೆ ಗಾಯವಾದರೆ ಪರೀಕ್ಷೆಯನ್ನು ತಕ್ಷಣ ನಿಲ್ಲಿಸಬೇಕೆಂಬುದು ನೈತಿಕ ಸಮಿತಿಗೆ ಕೊಡುವ ಅರ್ಜಿಯಲ್ಲೇ ಬರೆದಿರಬೇಕು.

ಈ ಪರೀಕ್ಷೆ ತಾಯಿಗೂ ಒತ್ತಡವೇ. ಆದ್ದರಿಂದ ಇದು ಮುಗಿದ ಬಳಿಕ ಪಂಜರವನ್ನು ಮುಟ್ಟದೆ ಆರೈಕೆ ಮರಳಿ ಸ್ಥಿತಿಗೆ ಬರಲು ಎಷ್ಟು ಹೊತ್ತು ಹಿಡಿಯಿತೆಂದು ನೋಡಿದರೆ ಒಂದು ಕಲ್ಲಿಗೆ ಎರಡು ಹಕ್ಕಿ ಬಿದ್ದಂತೆ. ಒತ್ತಡವಿಲ್ಲದಾಗ ಸರಿಯಾಗಿದ್ದ ತಾಯಿ ಒತ್ತಡದ ನಂತರ ಗೂಡಿಗೆ ಮರಳಲು ತಡಮಾಡುವುದು ಎಷ್ಟೋ ಸಲ ರಸಾಯನದ ಬದಲಾವಣೆಯ ಏಕೈಕ ಸುಳಿವಾಗಿರುತ್ತದೆ.

ಆತಂಕವನ್ನು ಅಳೆಯುವಾಗ

ಎತ್ತರಿಸಿದ ಕೂಡುಹಾದಿಯ ಪರೀಕ್ಷೆ ಎಲ್ಲರಿಗೂ ಪರಿಚಿತ. ನೆಲದಿಂದ ಸುಮಾರು 50 ಸೆಂಟಿಮೀಟರ್ ಎತ್ತರದಲ್ಲಿ ಅಧಿಕ ಚಿಹ್ನೆಯ ಆಕಾರದ ನಾಲ್ಕು ತೋಳುಗಳು. ಎರಡಕ್ಕೆ ಗೋಡೆಯಿದೆ, ಎರಡಕ್ಕಿಲ್ಲ. 5 ನಿಮಿಷದಲ್ಲಿ ಗೋಡೆಯಿಲ್ಲದ ತೋಳುಗಳಲ್ಲಿ ಕಳೆದ ಸಮಯದ ಪಾಲು ಹೆಚ್ಚಿದ್ದಷ್ಟೂ ಆತಂಕ ಕಡಿಮೆ ಎಂದು ಓದುತ್ತಾರೆ. ಗೋಡೆಯುಳ್ಳ ತೋಳುಗಳಿಗೆ ಹೋದ ಸಲಗಳು ಓಡಾಟದ ಅಳತೆ. ಔಷಧ ಕೊಟ್ಟ ಇಲಿಯಲ್ಲಿ ಅದೂ ಇಳಿದಿದ್ದರೆ ನೀವು ಕಂಡದ್ದು ಆತಂಕವಲ್ಲ, ಮಂಪರು. ಗಡಿಯಲ್ಲಿ ಇಲಿ ಹಿಂಗಾಲನ್ನು ಊರಿದಲ್ಲೇ ಊರಿ, ಮುಂಗಾಲನ್ನು ತೆರೆದ ತೋಳಿನ ಮೇಲೆ ಚಾಚಿ, ಮೈ ಉದ್ದವಾಗಿ ಎಳೆದು ಮೂಸಿ ಹಿಂದಕ್ಕೆ ಸರಿಯುವುದನ್ನು ಎಣಿಸಿಡುವುದು ಲಾಭದಾಯಕ, ಸಮಯದ ಅಂಕಿ ತೋರಿಸದ ಹಿಂಜರಿಕೆಯನ್ನು ಅದು ತೋರಿಸುತ್ತದೆ. ಒಂದೇ ಇಲಿಯನ್ನು ಎರಡನೆಯ ಸಲ ಈ ಪರೀಕ್ಷೆಗೆ ಬಿಟ್ಟರೆ ಆತಂಕ ಶಮನಕ ಔಷಧಗಳ ಪರಿಣಾಮವೂ ಕಾಣಿಸದೆ ಹೋಗುವುದು ತಿಳಿದ ಸಂಗತಿಯಾದ್ದರಿಂದ ಅವಕಾಶ ಒಂದೇ ಬಾರಿ.

ಬಾಣಂತಿ ಇಲಿಯ ವಿಷಯದಲ್ಲಿ ಗಡಿಯಾರದ ಮೇಲೆ ಕಣ್ಣಿಡಬೇಕು. ಹಾಲೂಡಿಸುತ್ತಿರುವ ಇಲಿ ಮರಿ ಹಾಕದ ಇಲಿಗಿಂತ ಕಡಿಮೆ ಆತಂಕ ತೋರುತ್ತದೆ. ಆದರೆ ಮರಿಗಳ ಮೈ ಸೋಂಕಿ ಕೆಲವು ಗಂಟೆಗಳೇ ಆಗಿದ್ದರೆ ಈ ವ್ಯತ್ಯಾಸ ಅಳಿದುಹೋಗುತ್ತದೆ ಎಂದು ಮಿಷಿಗನ್‌ನ ಜೋಸೆಫ್ ಲಾನ್‌ಸ್ಟೈನ್ 2005ರಲ್ಲಿ ತೋರಿಸಿದರು. ಬೇಕಾದುದು ಮರಿಗಳ ಇತ್ತೀಚಿನ ಸ್ಪರ್ಶ, ಹಾಲು ಚೀಪುವುದೇ ಆಗಬೇಕೆಂದಿಲ್ಲ ಎಂಬುದೂ ಅದೇ ಅಧ್ಯಯನದ ಮಾತು. ಗೂಡಿನಿಂದ ಎತ್ತಿದ ಕ್ಷಣದಿಂದ ಪರೀಕ್ಷೆ ಶುರುವಾಗುವವರೆಗಿನ ಅಂತರ ಎಲ್ಲ ತಾಯಂದಿರಿಗೂ ಒಂದೇ ಆಗಿರಬೇಕು; ಒಂದು ಗುಂಪಿಗೆ ಶಸ್ತ್ರಕ್ರಿಯೆಯೋ ಚುಚ್ಚುಮದ್ದೋ ಇದ್ದು ಮರಿಗಳಿಂದ ಹೆಚ್ಚು ಹೊತ್ತು ದೂರವಿಟ್ಟರೆ ಹೋಲಿಕೆಯೇ ಕೆಡುತ್ತದೆ.

ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ (ಎನ್‌ಸಿಬಿಎಸ್) ಸುಮಂತ್ರ ಚಟರ್ಜಿ ಮತ್ತು ನಿಮ್ಹಾನ್ಸ್‌ನ ಬಿ. ಎಸ್. ಶಂಕರನಾರಾಯಣ ರಾವ್ ಮೊದಲಾದವರು 2002ರಲ್ಲಿ ಪ್ರಕಟಿಸಿದ ಕೆಲಸವನ್ನು ನಮ್ಮ ವಿದ್ಯಾರ್ಥಿಗಳು ಇಲ್ಲಿ ಆಗಾಗ ಉಲ್ಲೇಖಿಸುತ್ತಾರೆ. ದಿನಕ್ಕೆ 2 ಗಂಟೆಯಂತೆ 10 ದಿನ ಅಲುಗಾಡದಂತೆ ಇರಿಸಿದ ಇಲಿಗಳಲ್ಲಿ ನೆನಪಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್‌ನ ನರಕೋಶಗಳ ಕವಲುಗಳು ಕುಗ್ಗಿದರೆ ಭಯಕ್ಕೆ ಸಂಬಂಧಿಸಿದ ಅಮಿಗ್ಡಲಾದ ಕವಲುಗಳು ಬೆಳೆದವು, ಆತಂಕವೂ ಏರಿತು. ಒತ್ತಡ ಎಂದರೆ ಎಲ್ಲೆಡೆ ಸವೆತ ಎಂಬ ನಂಬಿಕೆಯನ್ನು ಅಲುಗಿಸಿದ ಮಹತ್ವದ ಕೆಲಸವದು. ಆದರೆ ಅದು ಗಂಡಿಲಿಗಳ ಮೇಲೆ ನಡೆದದ್ದು. ಪ್ರಸವದ ನಂತರ ಆಕ್ಸಿಟೋಸಿನ್, ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನುಗಳು ಏರಿ, ಒತ್ತಡಕ್ಕೆ ಅಡ್ರಿನಲ್ ಕೊಡುವ ಪ್ರತಿಕ್ರಿಯೆಯೇ ತಗ್ಗಿರುವ ಮಿದುಳಿಗೆ ಅದನ್ನು ಯಥಾವತ್ತಾಗಿ ಹೊಂದಿಸಲಾಗದು.

ರಸಾಯನಕ್ಕೆ ಬಂದಾಗ

ಜರ್ಮನಿಯ ರೇಗೆನ್ಸ್‌ಬುರ್ಗ್ ವಿಶ್ವವಿದ್ಯಾಲಯದಲ್ಲಿ ಆಲಿವರ್ ಬಾಷ್ ಮತ್ತು ಸ್ಟೆಫನಿ ಕ್ಲಾಂಪ್ಫ್ಲ್ ಹಾಲೂಡಿಸುತ್ತಿರುವ ಇಲಿಗಳ ಮೇಲೆ ನಡೆಸಿದ ಸರಣಿ ಪ್ರಯೋಗಗಳು ಅರ್ಥೈಸುವ ಕ್ರಮವನ್ನು ಕಲಿಯಲು ಬಹಳ ಉಪಯುಕ್ತ. 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸಿಆರ್‌ಎಫ್ ಗ್ರಾಹಕಗಳನ್ನು ಚುರುಕುಗೊಳಿಸುವ ಪದಾರ್ಥವನ್ನು ಮಿದುಳಿನ ದ್ರವ ತುಂಬಿದ ಕುಹರಕ್ಕೆ ಕೊಟ್ಟಾಗ ಆರೈಕೆ ಕುಗ್ಗಿತು, ರಕ್ಷಣೆಯ ಆಕ್ರಮಣ ತಗ್ಗಿತು, ಆತಂಕ ಏರಿತು. ಗ್ರಾಹಕಗಳನ್ನು ತಡೆಯುವ ಪದಾರ್ಥ ಆರೈಕೆಯನ್ನು ಹೆಚ್ಚಿಸಿತು. ಇಷ್ಟಕ್ಕೇ ನಿಂತರೆ ಸಿಆರ್‌ಎಫ್ ತಾಯ್ತನದ ಶತ್ರು ಎಂಬ ಸರಳ ತೀರ್ಮಾನ ಕೈಗೆ ಸಿಗುತ್ತದೆ. ಅದೇ ತಂಡ ಬಿಎನ್‌ಎಸ್‌ಟಿಯ ಮಧ್ಯ ಹಿಂಭಾಗಕ್ಕೆ ಮಾತ್ರ ಪದಾರ್ಥಗಳನ್ನು ಕೊಟ್ಟು ನೋಡಿದಾಗ ಚಿತ್ರ ಒಡೆಯಿತು. ಎರಡೂ ಗ್ರಾಹಕಗಳ ಉತ್ತೇಜನ ಕಮಾನು ಭಂಗಿಯ ಹಾಲೂಡಿಸುವಿಕೆಯನ್ನು ತಗ್ಗಿಸಿತಾದರೂ ಒಂದನೆಯದರ ಪರಿಣಾಮ ಬೇಗ ಬಂತು, ಎರಡನೆಯದರದು ತಡವಾಗಿ ಬಂತು. ಮರಿಗಳ ರಕ್ಷಣೆಗಾಗಿ ತೋರುವ ಆಕ್ರಮಣವನ್ನು ಎರಡನೆಯ ಗ್ರಾಹಕದ ಉತ್ತೇಜನ ಮಾತ್ರ ಅಳಿಸಿಹಾಕಿತು, ಆತಂಕವನ್ನು ಒಂದನೆಯದರ ಉತ್ತೇಜನ ಮಾತ್ರ ಏರಿಸಿತು. ಚುಚ್ಚಿದ ತಕ್ಷಣದ ಅರ್ಧ ಗಂಟೆಯನ್ನಷ್ಟೇ ನೋಡುವ ಯೋಜನೆಯಾಗಿದ್ದರೆ ಎರಡನೆಯ ಗ್ರಾಹಕಕ್ಕೆ ಆರೈಕೆಯಲ್ಲಿ ಪಾತ್ರವೇ ಇಲ್ಲವೆಂದು ಬರೆದುಬಿಡುವ ಅಪಾಯವಿತ್ತು.

ಬಂಧಕ ಪ್ರೋಟೀನಿನ ಕೆಲಸ ಇನ್ನೂ ಕುತೂಹಲಕರ. ಅದನ್ನು ತಡೆದರೆ ಬಿಡಿ ಸಿಆರ್‌ಎಫ್ ಹೆಚ್ಚಬೇಕು, ಆಗ ರಕ್ಷಣೆಯ ಆಕ್ರಮಣ ಇಳಿಯಬೇಕು ಎಂಬುದು ಮೇಲಿನ ತರ್ಕ. 2016ರಲ್ಲಿ ಅದೇ ತಂಡ ಕಂಡದ್ದು ತದ್ವಿರುದ್ಧ: ಬಂಧಕ ಪ್ರೋಟೀನನ್ನು ತಡೆದಾಗ ಆಕ್ರಮಣ ಏರಿತು. ಬಿಎನ್‌ಎಸ್‌ಟಿಯ ಮಧ್ಯ ಹಿಂಭಾಗದಲ್ಲಿ ತಡೆದಾಗ ಬೆದರಿಕೆಯ ನಡೆಗಳೂ ಆತಂಕವೂ ಹೆಚ್ಚಿದವು, ಒತ್ತಡವಿಲ್ಲದಾಗ ಆರೈಕೆ ಎಂದಿನಂತೆಯೇ ಇತ್ತು, ಒತ್ತಡದ ನಂತರ ಅದು ಮರಳುವುದು ಮಾತ್ರ ಕುಂಟಿತು. ಹೊರಗಿನಿಂದ ಒಮ್ಮೆಲೇ ಸುರಿಯುವ ಪದಾರ್ಥಕ್ಕೂ ದೇಹದ್ದೇ ಪೆಪ್ಟೈಡ್ ಸ್ವಲ್ಪ ಹೆಚ್ಚು ಸಿಗುವಂತಾಗುವುದಕ್ಕೂ ಮಿದುಳು ಒಂದೇ ಬಗೆಯಲ್ಲಿ ಉತ್ತರಿಸಬೇಕೆಂದಿಲ್ಲ ಎಂದು ನಾನು ಇದನ್ನು ಓದುತ್ತೇನೆ. ಪ್ರಾಣಿಯ ಜಾತಿಯೂ ಲೆಕ್ಕಕ್ಕೆ ಬರುತ್ತದೆ. ಸ್ಟೀಫನ್ ಗ್ಯಾಮಿ ಅವರ ತಂಡ 2004ರಲ್ಲಿ ಸಣ್ಣಿಲಿಗಳಿಗೆ ಸಿಆರ್‌ಎಫ್ ಕೊಟ್ಟಾಗ ರಕ್ಷಣೆಯ ಆಕ್ರಮಣ ಕುಸಿದರೂ ಮರಿಗಳನ್ನು ಎತ್ತಿ ತರುವುದಕ್ಕೆ ಧಕ್ಕೆಯಾಗಲಿಲ್ಲ.

ರಕ್ತದ ಕಾರ್ಟಿಕೋಸ್ಟೆರಾನನ್ನು ಅಳೆದು ಮಿದುಳಿನ ಸಿಆರ್‌ಎಫ್ ಕುರಿತು ಹೇಳಹೊರಡುವುದು ಈ ಕ್ಷೇತ್ರದಲ್ಲಿ ಪದೇ ಪದೇ ಕಾಣುವ ಅವಸರ. ಬಿಎನ್‌ಎಸ್‌ಟಿಯ ಮುಂಭಾಗದ ಮೇಲ್ಭಾಗದಲ್ಲಿ ಒಂದನೆಯ ಗ್ರಾಹಕವನ್ನು ಚುರುಕುಗೊಳಿಸಿದಾಗ ತಾಯಿ ಮರಿಗಳನ್ನು ಕಡೆಗಣಿಸುವುದು ಪಿಟ್ಯುಟರಿ ಅಡ್ರಿನಲ್ ಹಾದಿಯನ್ನು ಅವಲಂಬಿಸದೆ, ಮಿದುಳಿನೊಳಗೇ ನಡೆಯುವ ಕ್ರಿಯೆ ಎಂದು ಬಾಷ್ ತಂಡವೇ ತೋರಿಸಿದೆ. ಹಾಗೆಯೇ ಪ್ರೀಆಪ್ಟಿಕ್ ಪ್ರದೇಶದಲ್ಲಿ ಒಂದನೆಯ ಗ್ರಾಹಕದ ಉತ್ತೇಜನ ಆರೈಕೆಯನ್ನು ಕೆಡಿಸುತ್ತಲೇ ಅಲ್ಲಿ ಆಕ್ಸಿಟೋಸಿನ್ ಬಿಡುಗಡೆಯನ್ನೂ ಮಾಡಿಸುತ್ತದೆ. ಆಕ್ಸಿಟೋಸಿನ್ ಎಂದರೆ ಮಮತೆ ಎಂದು ಬಗೆದವರು ಈ ಫಲಿತಾಂಶದ ಮುಂದೆ ಸ್ವಲ್ಪ ಹೊತ್ತು ಕೂರಬೇಕು.

ಹುಟ್ಟಾ ಆತಂಕ ಹೆಚ್ಚಿರುವಂತೆ ಆಯ್ದು ಬೆಳೆಸಿದ ಇಲಿ ತಳಿಯ ತಾಯಂದಿರು ಆತಂಕ ಕಡಿಮೆಯಿರುವ ತಳಿಯವರಿಗಿಂತ ಮರಿಗಳ ಜೊತೆ ಹೆಚ್ಚು ಹೊತ್ತು ಇರುತ್ತಾರೆ, ಹೆಚ್ಚು ತೀವ್ರವಾಗಿ ರಕ್ಷಿಸುತ್ತಾರೆ. ಆತಂಕದ ಅಂಕಿ ಏರಿದೆ ಎಂಬ ಒಂದೇ ಕಾರಣಕ್ಕೆ ಆರೈಕೆ ಕೆಟ್ಟಿರಬೇಕೆಂದು ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ತಡೆ ಇಲ್ಲ.

ಲೆಕ್ಕ ಹಾಕುವಾಗ ಒಂದು ಮಾತು. ಮರಿಗಳನ್ನು ಪರೀಕ್ಷಿಸಿದರೆ ಎಂಟು ಮರಿ ಎಂದರೆ ಎಂಟು ಪ್ರಾಣಿಗಳಲ್ಲ. ಒಂದೇ ತಾಯಿಯ ಮರಿಗಳು ಒಂದೇ ಆರೈಕೆಯನ್ನು ಹಂಚಿಕೊಂಡಿರುವುದರಿಂದ ಘಟಕ ತಾಯಿಯೇ ಆಗಬೇಕು. ಮೀನಿಯವರ ತಂಡ 1997 ಮತ್ತು 1999ರಲ್ಲಿ ಹೆಚ್ಚು ನೆಕ್ಕುವ ತಾಯಂದಿರ ಮರಿಗಳು ದೊಡ್ಡವಾದ ಮೇಲೆ ಒತ್ತಡಕ್ಕೆ ತಗ್ಗಿದ ಪ್ರತಿಕ್ರಿಯೆ ತೋರುತ್ತವೆ, ಮರಿಗಳನ್ನು ಅದಲು ಬದಲು ಮಾಡಿದರೆ ಸಾಕಿದ ತಾಯಿಯ ಗುಣವೇ ಬರುತ್ತದೆ ಎಂದು ತೋರಿಸಿದ್ದು. ಅದಲು ಬದಲಿನ ಗುಂಪಿಲ್ಲದೆ ಆರೈಕೆಯ ಪರಿಣಾಮವನ್ನು ವಂಶವಾಹಿಯ ಪರಿಣಾಮದಿಂದ ಬೇರ್ಪಡಿಸಲಾಗದು.

ಪ್ರಯೋಗಾಲಯವಿಲ್ಲದವರಿಗೆ

ನಮ್ಮ ದೇವಸ್ಥಾನದ ಬೆಟ್ಟಗಳಲ್ಲಿ, ರಸ್ತೆ ಬದಿಯ ಮರಗಳಲ್ಲಿ ಕಾಣುವ, ನೆತ್ತಿಯ ಮೇಲೆ ಟೋಪಿಯಂಥ ಕೂದಲಿರುವ ಮಂಗ ದಕ್ಷಿಣ ಭಾರತಕ್ಕೇ ಸೀಮಿತವಾದ ಬಾನೆಟ್ ಮಕಾಕ್. ಇದೇ ಜಾತಿಯ ತಾಯಂದಿರ ಮೇಲೆ ನ್ಯೂಯಾರ್ಕ್‌ನಲ್ಲಿ ಲಿಯೊನಾರ್ಡ್ ರೋಸನ್‌ಬ್ಲಮ್ ಮತ್ತು ಸಂಗಡಿಗರು ಪ್ರಯೋಗ ನಡೆಸಿದ್ದರು. ಕೆಲವು ತಾಯಂದಿರಿಗೆ ಆಹಾರ ಸದಾ ಸುಲಭವಾಗಿ ಸಿಗುತ್ತಿತ್ತು, ಕೆಲವರಿಗೆ ಸದಾ ಹುಡುಕಬೇಕಿತ್ತು, ಉಳಿದವರಿಗೆ ಎರಡು ವಾರ ಸುಲಭ, ಎರಡು ವಾರ ಕಷ್ಟ. 1996ರಲ್ಲಿ ಜೆರೆಮಿ ಕೋಪ್ಲನ್ ತಂಡ ಆ ಮರಿಗಳು ಬೆಳೆದ ಮೇಲೆ ಅವುಗಳ ಮಿದುಳು ಬಳ್ಳಿಯ ದ್ರವವನ್ನು ಪರೀಕ್ಷಿಸಿದಾಗ ಸಿಆರ್‌ಎಫ್ ಹೆಚ್ಚಿದ್ದದ್ದು ಮೂರನೆಯ ಗುಂಪಿನಲ್ಲಿ. ಸದಾ ಕಷ್ಟಪಟ್ಟ ತಾಯಂದಿರ ಮರಿಗಳಲ್ಲಿ ಅಷ್ಟಿರಲಿಲ್ಲ. ಬರಾಮ್ ಅವರ ಚೂರಾದ ಆರೈಕೆಗೂ ಇದಕ್ಕೂ ಇರುವ ನೆಂಟಸ್ತಿಕೆ ಗಮನಾರ್ಹ.

ಈ ಮಂಗಗಳನ್ನು ದೂರದಿಂದ ನೋಡಿ ಕಲಿಯಬಹುದಾದದ್ದು ಸಾಕಷ್ಟಿದೆ. ಆಹಾರ ಕೊಡಬೇಡಿ, ಹತ್ತಿರ ಹೋಗಬೇಡಿ, ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ. ಒಂದು ತಾಯಿಯನ್ನು ಆರಿಸಿ ನಿಗದಿತ ಹೊತ್ತು, ಉದಾಹರಣೆಗೆ 10 ನಿಮಿಷ, ಅದೊಂದನ್ನೇ ಹಿಂಬಾಲಿಸಿ ದಾಖಲಿಸಿ. ಕಾಣೆಯಾದರೆ ಅವಧಿಯನ್ನು ಬಿಟ್ಟುಕೊಟ್ಟು ಮುಂದಿನದನ್ನು ಶುರುಮಾಡಿ. ಮರಿ ತಾಯಿಯ ಹತ್ತಿರ ಬಂದದ್ದು ಯಾರ ನಡೆಯಿಂದ, ದೂರವಾದದ್ದು ಯಾರ ನಡೆಯಿಂದ ಎಂಬುದನ್ನು ಎರಡು ಕಂಬಗಳಲ್ಲಿ ಬರೆಯಿರಿ. ಹತ್ತಿರವಾದ ಸಲಗಳಲ್ಲಿ ಮರಿಯ ಪಾಲು ಶೇಕಡಾ ಎಷ್ಟು ಎಂಬುದರಿಂದ ದೂರವಾದ ಸಲಗಳಲ್ಲಿ ಮರಿಯ ಪಾಲನ್ನು ಕಳೆದರೆ ಸಿಗುವ ಸಂಖ್ಯೆ ರಾಬರ್ಟ್ ಹೈಂಡ್ ರೂಪಿಸಿದ ಸೂಚ್ಯಂಕ. ಅದು ಧನವಾಗಿದ್ದರೆ ಸಾಮೀಪ್ಯ ಉಳಿಸಿಕೊಳ್ಳುವ ಹೊಣೆ ಮರಿಯದು, ಋಣವಾಗಿದ್ದರೆ ತಾಯಿಯದು. ಮೂರನೆಯ ಕಂಬದಲ್ಲಿ ತಾಯಿ ತನ್ನ ಮೈ ಕೆರೆದುಕೊಂಡ ಸಲಗಳನ್ನು ಎಣಿಸಿ, ಏಕೆಂದರೆ ಮಕಾಕ್‌ಗಳಲ್ಲಿ ಕೆರೆತ ಆತಂಕದ ನಂಬಬಹುದಾದ ಸೂಚಕ, ಮರಿ ದೂರ ಹೋದಾಗ ತಾಯಿಯ ಕೆರೆತ ಹೆಚ್ಚುತ್ತದೆ. ಪ್ರತಿ ಕೆರೆತದ ಮುಂದೆ ಆ ಕ್ಷಣದಲ್ಲಿ ಮರಿ ಎಷ್ಟು ದೂರವಿತ್ತು, ಹತ್ತಿರದಲ್ಲಿ ನಾಯಿಯೋ ಜನರೋ ಬೇರೆ ದೊಡ್ಡ ಮಂಗವೋ ಇತ್ತೇ ಎಂಬುದನ್ನು ಬರೆದಿಟ್ಟರೆ, ಉಣ್ಣಿಯ ಕಾಟಕ್ಕೆ ಕೆರೆದದ್ದನ್ನೂ ಮರಿಯ ಚಿಂತೆಗೆ ಕೆರೆದದ್ದನ್ನೂ ಆಮೇಲೆ ಬೇರ್ಪಡಿಸಲು ದಾರಿಯಿರುತ್ತದೆ.